ನಾಯಿ ಪುಸ್ತಕ ಮತ್ತು ಅಹ್ಸಾದ ಮಣ್ಣು

ಆ ಪುಸ್ತಕಕ್ಕೆ ಬೈಂಡ್ ಹಾಕಿದವಳು ನಾನೇ. ಗಂಡ ತೀರಿಕೊಂಡು ವಾರವೂ ಆಗಿರಲಿಲ್ಲ. ಸೌದಿಯ ಅಲ್ ಖೋಬರಿನ ನಮ್ಮ ಫ್ಲ್ಯಾಟಿಗೆ ಊರಿನಿಂದ ಅತ್ತೆ ವಿಡಿಯೋ ಕಾಲ್ ಮಾಡಿದ್ದರು. ಮೊಮ್ಮಗಳನ್ನು ತೋರಿಸು ಎಂದರು. ನಾನು ಫೋನು ಹಿಡಿದುಕೊಂಡು ಮಗಳ ಕೋಣೆಗೆ ಹೋದೆ. ಮಗಳಿಗಿಂತ ಮೊದಲು ಅವರ ಕಣ್ಣಿಗೆ ಬಿದ್ದದ್ದು ಮಂಚದ ಮೇಲಿದ್ದ ಪುಸ್ತಕ. ಮುಖಪುಟದಲ್ಲಿ ಒಬ್ಬ ಹುಡುಗ, ಅವನ ಆಚೆ ಈಚೆ ಎರಡು ಬೇಟೆ ನಾಯಿ.

"ಎಂತ ಅದು? ನಾಯಿಯಾ? ಮಯ್ಯತ್ ಆದ ಮನೆಯಲ್ಲಿ ನಾಯಿ ಚಿತ್ರ ಇಟ್ಟುಕೊಂಡರೆ ಮಲಕುಗಳು ಒಳಗೆ ಬರ್ತಾರಾ?" ಎಂದು ಅತ್ತೆ ಅಳುತ್ತಲೇ ಗದರಿಸಿದರು. ನಾಯಿ ಇರುವ ಮನೆಗೂ ಚಿತ್ರ ಇರುವ ಮನೆಗೂ ದೇವದೂತರು ಕಾಲಿಡುವುದಿಲ್ಲ ಎಂದು ನಾವೆಲ್ಲ ಮದ್ರಸದಲ್ಲಿ ಕಲಿತವರು. ಇಲ್ಲಿ ಎರಡೂ ಒಟ್ಟಿಗೆ ಸಿಕ್ಕಿಬಿದ್ದಿದ್ದವು.

ಫೋನು ಇಟ್ಟವಳೇ ಬೇಕರಿಯ ಕಂದು ಕಾಗದದ ಚೀಲ ಕತ್ತರಿಸಿ ಪುಸ್ತಕಕ್ಕೆ ಬೈಂಡ್ ಹಾಕಿದೆ. ಮೂಲೆಗಳನ್ನು ಒಳಗೆ ಮಡಚಿ, ಉಗುರಿನಿಂದ ಗೀರಿ, ಶಾಲೆ ಶುರುವಾಗುವ ಹಿಂದಿನ ದಿನ ಹಾಕುವ ಹಾಗೆ ಅಚ್ಚುಕಟ್ಟಾಗಿ ಹಾಕಿದೆ. ಗಂಡ ಸತ್ತ ಹೆಂಗಸಿನ ಕೈ ಇಷ್ಟು ನೆಟ್ಟಗೆ ಕೆಲಸ ಮಾಡಬಹುದಾ ಎಂದು ನನಗೇ ಅನಿಸಿತು. ದುಃಖ ಆಗುತ್ತದೆ ಎಂದು ಕಾದೆ. ಏನೂ ಆಗಲಿಲ್ಲ. ಅನ್ನಕ್ಕೆ ನೀರಿಡಲು ಹೋದೆ.

ಅದು ಮಗಳ ಶಾಲೆಯಲ್ಲಿ ಓದಲು ಕೊಟ್ಟ ಪುಸ್ತಕ. ಇಂಗ್ಲಿಷಿನದ್ದು, ಹಳೇ ಕಾದಂಬರಿಯಂತೆ, ಆ ಕಡೆಯ ಮಕ್ಕಳೆಲ್ಲ ಓದುವಂಥದ್ದಂತೆ. ಬಡವರ ಮನೆಯ ಒಬ್ಬ ಹುಡುಗ, ಅವನು ಆಸೆಪಟ್ಟು ತಂದ ಎರಡು ನಾಯಿ, ಕಾಡು, ಹೊಳೆ, ಬೇಟೆ. ಮಗಳು ಒಬ್ಬಳೇ ಕೂತರೆ ಎರಡು ದಿನದಲ್ಲಿ ಮುಗಿಸುತ್ತಿದ್ದಳು. ಅವಳ ಇಂಗ್ಲಿಷಿನ ಮುಂದೆ ನಾವಿಬ್ಬರೂ ಹಳ್ಳಿ ಬಸ್ಸು. ಆದರೆ ನನ್ನ ಗಂಡನಿಗೆ ಅದನ್ನು ತಾವೇ ಓದಿ ಹೇಳಬೇಕೆಂಬ ಹುಚ್ಚು ಹತ್ತಿತು. ಶುಕ್ರವಾರ ಜುಮಾ ನಮಾಜು ಮುಗಿಸಿ ಬಂದು, ತುಪ್ಪದ ನೆಯ್ಚೋರು ಉಂಡು, ಹಾಲ್‌ನಲ್ಲಿ ಕಾರ್ಪೆಟ್ಟಿನ ಮೇಲೆ ಅಂಗಾತ ಮಲಗಿ, ಪುಸ್ತಕವನ್ನು ಮುಖದ ಮೇಲಕ್ಕೆ ಎತ್ತಿ ಹಿಡಿಯುತ್ತಿದ್ದರು. ಒಂದು ಸಾಲು ಇಂಗ್ಲಿಷಿನಲ್ಲಿ ತಡವರಿಸಿ ಓದುವುದು, ಆಮೇಲೆ ಅದನ್ನು ನಮ್ಮ ಬ್ಯಾರಿ ಭಾಷೆಯಲ್ಲಿ ಹತ್ತು ಸಾಲು ಮಾಡಿ ಹೇಳುವುದು. ಅಲ್ಲಿನ ಕಾಡು ಇವರ ಬಾಯಲ್ಲಿ ಚಾರ್ಮಾಡಿ ಘಾಟಿಯಾಗುತ್ತಿತ್ತು, ಹೊಳೆ ನೇತ್ರಾವತಿಯಾಗುತ್ತಿತ್ತು. ಕಥೆಯ ಹುಡುಗ ಹಿಡಿಯುವ ಪ್ರಾಣಿಯನ್ನು ನಾವ್ಯಾರೂ ಕಂಡವರಲ್ಲ, ಇವರು ಅದನ್ನು ಪುನುಗು ಬೆಕ್ಕು ಎಂದು ತೀರ್ಮಾನಿಸಿದ್ದರು. ಮಗಳು ಅವರ ಹೊಟ್ಟೆಗೆ ತಲೆ ಕೊಟ್ಟು ಮಲಗಿ ಕೇಳುತ್ತಿದ್ದಳು. ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ, "ಬೇಟೆಗೆ ಹೋದವರು ಸ್ವಲ್ಪ ಕಸದ ಚೀಲ ಕೆಳಗೆ ಬಿಟ್ಟು ಬನ್ನಿ" ಎನ್ನುತ್ತಿದ್ದೆ.

ಪುಸ್ತಕ ಅರ್ಧ ಆಗುವಾಗ ಮಗಳಿಗೆ ನಿಜವಾದ ಬೇಟೆ ನಾಯಿ ನೋಡಬೇಕೆಂದು ಆಯಿತು. ನನ್ನ ಗಂಡ ಸ್ಟೋರ್ ನೋಡಿಕೊಳ್ಳುತ್ತಿದ್ದ ಕಂಪನಿಯಲ್ಲಿ ಒಬ್ಬ ಸೌದಿ ಮ್ಯಾನೇಜರ್ ಇದ್ದರು. ಅವರಿಗೆ ಅಲ್ ಅಹ್ಸಾದಲ್ಲಿ ಖರ್ಜೂರದ ತೋಟ, ತೋಟದಲ್ಲಿ ಎರಡು ಸಲೂಕಿ. ಚಳಿಯ ಒಂದು ಶುಕ್ರವಾರ ಹೋದೆವು. ಸಲೂಕಿ ಎಂದರೆ ಉದ್ದ ಕಾಲಿನ, ಪಕ್ಕೆಲುಬು ಎಣಿಸಬಹುದಾದಷ್ಟು ತೆಳ್ಳನೆಯ ನಾಯಿ. ನಾನು ದೂರ ನಿಂತಿದ್ದೆ. ನನ್ನ ಗಂಡ ಅದಕ್ಕಿಂತಲೂ ದೂರ ನಿಂತಿದ್ದರು. ಕಾರ್ಪೆಟ್ಟಿನ ಮೇಲಿನ ಬೇಟೆಗಾರ ತೋಟದಲ್ಲಿ ತಂತಿಬೇಲಿ ಹಿಡಿದುಕೊಂಡಿದ್ದ. ಮಗಳು ಮಾತ್ರ ಹತ್ತಿರ ಹೋಗಿ ಕೈ ಚಾಚಿದಳು. ನಾಯಿ ನಿಧಾನ ಬಂದು ಅವಳ ಅಂಗೈ ನೆಕ್ಕಿತು.

ನಾನು ಕಿರುಚಿದ್ದು ತೋಟಕ್ಕೆಲ್ಲ ಕೇಳಿರಬೇಕು. ನಾವು ಶಾಫಿ ಪಂಥದವರು. ನಾಯಿಯ ಜೊಲ್ಲು ತಾಗಿದರೆ ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಹಾಕಿ. ಅವಳನ್ನು ಎಳೆದುಕೊಂಡು ಹೋಗಿ ತೋಟದ ನಲ್ಲಿಯ ಅಡಿಯಲ್ಲಿ, ಖರ್ಜೂರದ ಬುಡದ ಮಣ್ಣು ತೆಗೆದು, ಕೈ ಕೆಂಪಾಗುವ ತನಕ ಉಜ್ಜಿದೆ. ಮ್ಯಾನೇಜರ್ ನಗುತ್ತ ನನ್ನ ಗಂಡನಿಗೆ ಏನೋ ಅರಬಿಯಲ್ಲಿ ಹೇಳಿದರು. ಸಲೂಕಿಯನ್ನು ಅವರು ನಾಯಿಯ ಲೆಕ್ಕಕ್ಕೆ ಹಿಡಿಯುವುದಿಲ್ಲವಂತೆ, ಸಲೂಕಿ ಎಂದರೆ ಸಲೂಕಿ ಅಷ್ಟೇ ಅಂತೆ. ಅವರಿಗೆ ಆಗಬಹುದು, ನಮಗಲ್ಲ ಎಂದೆ. ಅಷ್ಟಕ್ಕೆ ಬಿಡದೆ, ಕಾರಿನಲ್ಲಿದ್ದ ಹಾಲಿನ ಪುಡಿಯ ಖಾಲಿ ಡಬ್ಬಿಯಲ್ಲಿ ಆ ಮಣ್ಣು ತುಂಬಿಸಿ ಕೊಡಿ ಎಂದು ಗಂಡನಿಗೆ ಹೇಳಿದೆ. ಈ ಹುಡುಗಿಯನ್ನು ನಂಬುವಂತಿಲ್ಲ, ಖೋಬರಿನಲ್ಲಿ ನಮ್ಮ ಕಟ್ಟಡದ ಸುತ್ತ ಸಿಮೆಂಟು ಬಿಟ್ಟರೆ ಇನ್ನೇನೂ ಇಲ್ಲ.

"ಐದನೇ ಮಾಳಿಗೆಗೆ ನಾಯಿ ಲಿಫ್ಟಿನಲ್ಲಿ ಬರ್ತದಾ ಮಾರಾಯ್ತಿ?" ಎಂದು ಕೇಳಿದರು. ಆದರೂ ತುಂಬಿಸಿದರು. ನೆಲಕ್ಕೆ ಕೂತು, ಕಲ್ಲು ಕಡ್ಡಿ ಆರಿಸಿ, ಬೊಗಸೆಯಲ್ಲಿ ಎತ್ತಿ ಎತ್ತಿ ತುಂಬಿಸಿದರು. ಆ ಡಬ್ಬಿ ಬಾಲ್ಕನಿಯಲ್ಲಿ ವಾಷಿಂಗ್ ಮೆಷಿನ್ನಿನ ಪಕ್ಕ ಕೂತಿತು. ಅದರ ಕೆಲಸ ಒಮ್ಮೆಯೂ ಬೀಳಲಿಲ್ಲ.

ಅದಾದ ಮೇಲೆ ಒಂದು ಶುಕ್ರವಾರ ಅವರು ಅಡುಗೆಮನೆಗೆ ಬಂದು ಮೆಲ್ಲ ಹೇಳಿದರು: "ನಾನು ಕೊನೆಯ ಪುಟಗಳನ್ನು ಕದ್ದು ನೋಡಿದೆ. ಎರಡು ನಾಯಿಯೂ ಸಾಯ್ತವೆ. ಮೊದಲು ಒಂದು, ಅದರ ಹಿಂದೆ ಇನ್ನೊಂದು. ಅವಳಿಗೆ ಹೇಗೆ ಓದಿ ಹೇಳುವುದು?"

"ಕಥೆಯಲ್ಲಿ ಸಾಯುವುದು ಅಲ್ವಾ, ಎಂತಾಗ್ತದೆ?" ಎಂದೆ ನಾನು.

"ಸ್ವಲ್ಪ ಸಮಯ ದೂಡುವ" ಎಂದರು.

ಅವರು ಹೋದದ್ದು ಒಂದು ಸೋಮವಾರ ಮಧ್ಯಾಹ್ನ, ಕೆಲಸದ ಜಾಗದಲ್ಲಿ. ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲವಂತೆ. ಹೇಳಲು ಬಂದವರು ಮೇಲಿನ ಮಾಳಿಗೆಯ ಇಚ್ಚ. ಪುತ್ತೂರು ಕಡೆಯವರು, ನನ್ನ ಗಂಡನ ಒಟ್ಟಿಗೆ ಅದೇ ಕಂಪನಿಯಲ್ಲಿದ್ದವರು. ನಾನು ಅಣ್ಣನ ಹಾಗೆ ಇಚ್ಚ ಎಂದೇ ಕರೆಯುವುದು. ಬಾಗಿಲಲ್ಲಿ ನಿಂತು, "ಸ್ವಲ್ಪ ಸೀರಿಯಸ್ ಅಂತೆ ತಂಗಿ" ಎಂದರು. ಗಲ್ಫಿನಲ್ಲಿ ಇರುವವರಿಗೆ ಆ ಮಾತಿನ ಅರ್ಥ ಗೊತ್ತು. ಊರಿನಿಂದ ನಮಗೆ ಬಂದ ಪ್ರತಿಯೊಂದು ಸಾವೂ ಮೊದಲು ಸ್ವಲ್ಪ ಸೀರಿಯಸ್ ಆಗಿಯೇ ಬಂದದ್ದು. ನಾನು ಗ್ಯಾಸ್ ಬಂದ್ ಮಾಡಿ ಬುರ್ಖಾ ಹಾಕಿಕೊಂಡೆ.

ಊರಿಗೆ ತೆಗೆದುಕೊಂಡು ಹೋಗುವ ಮಾತು ಬರಲಿಲ್ಲ. ಸತ್ತಲ್ಲಿಯೇ ಮಣ್ಣು, ಅದೇ ಒಳ್ಳೆಯದು ಎಂದರು ಎಲ್ಲರೂ. ಅದೂ ಈ ನಾಡಿನ ಮಣ್ಣು, ಪುಣ್ಯ ಮಾಡಿದವರಿಗೆ ಸಿಗುವುದು ಎಂದರು. ಮಗಳಿಗೂ ನನಗೂ ಮುಖ ತೋರಿಸಿದರು. ಆಮೇಲೆ ಗಂಡಸರು ಎತ್ತಿಕೊಂಡು ಹೋದರು. ಇಚ್ಚ ತಮ್ಮ ಸಣ್ಣ ಮಗನನ್ನೂ ಕರೆದುಕೊಂಡು ಹೋದರು. ಕಬರಿಗೆ ಇಳಿಸಿದ ಮೇಲೆ ಬಂದವರೆಲ್ಲ ಮೂರು ಮೂರು ಹಿಡಿ ಮಣ್ಣು ಹಾಕುವುದು ನಮ್ಮಲ್ಲಿ ಕ್ರಮ. ಹಾಕಿ ಬಂದರು. ನಾವು ಮನೆಯಲ್ಲಿದ್ದೆವು.

ನಾನು ಇದ್ದತ್ ಕೂತೆ. ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಚಿಲ್ಲರೆ ಮನೆಯ ಹೊಸಿಲು ದಾಟಬಾರದು. ಇಲ್ಲಿ ವಾಸಕ್ಕೆ ಬೇಕಾದ ನಮ್ಮ ಇಕಾಮಾ ಅವರ ಹೆಸರಿನ ಕೆಳಗೆ ಇದ್ದದ್ದು. ಅವರಿಲ್ಲದ ಮೇಲೆ ನಮಗೆ ಇಲ್ಲಿ ಇರಲಿಕ್ಕಿಲ್ಲ. ಕಂಪನಿಯವರು ಪಾಪ, ಇದ್ದತ್ ಮುಗಿದು ಮಗಳ ಪರೀಕ್ಷೆ ಆಗುವ ತನಕ ಸಮಯ ಮಾಡಿಸಿಕೊಟ್ಟರು. ಆಮೇಲೆ ಫೈನಲ್ ಎಕ್ಸಿಟ್. ಆ ವೀಸಾದಲ್ಲಿ ಹೋದವರು ತಿರುಗಿ ಬರುವವರಲ್ಲ.

ಆ ತಿಂಗಳುಗಳ ಬಗ್ಗೆ ಹೇಳಲು ನನ್ನ ಹತ್ತಿರ ಹೆಚ್ಚು ಇಲ್ಲ. ಎದೆಯೊಳಗೆ ಯಾರೋ ಎಸಿ ಹಾಕಿ ಬಾಗಿಲು ಮುಚ್ಚಿ ಹೋದ ಹಾಗಿತ್ತು. ಬೆಳಿಗ್ಗೆ ಏಳುತ್ತಿದ್ದೆ, ದೋಸೆ ಹೊಯ್ಯುತ್ತಿದ್ದೆ, ಮಗಳ ಜಡೆ ಹಾಕುತ್ತಿದ್ದೆ. ಅವಳು ಶಾಲೆಗೆ ಹೋಗಿ ಬರುತ್ತಿದ್ದಳು. ಅವಳೂ ಅಳಲಿಲ್ಲ. ಊರಿನಿಂದ ಫೋನು ಮಾಡಿದವರೆಲ್ಲ "ಮಗು ಅತ್ತಳಾ?" ಎಂದೇ ಕೇಳುವುದು. ಇಲ್ಲ ಎಂದರೆ, "ಅಳಿಸು ಮಾರಾಯ್ತಿ, ಒಳಗೆ ಇಟ್ಟುಕೊಂಡರೆ ಕಷ್ಟ" ಎನ್ನುತ್ತಿದ್ದರು. ಅಳಿಸುವುದು ಹೇಗೆ? ಹೊಡೆಯಬೇಕಾ? ನನಗೇ ಬಾರದ ಅಳುವನ್ನು ಅವಳಿಗೆ ಎಲ್ಲಿಂದ ತಂದು ಕೊಡಲಿ? ಕೊನೆಗೆ ಫೋನು ತೆಗೆಯುವುದನ್ನೇ ಕಡಿಮೆ ಮಾಡಿದೆ.

ಶುಕ್ರವಾರ ಮಾತ್ರ ಅವಳು ಊಟ ಮಾಡಿ, ಬೈಂಡ್ ಹಾಕಿದ ಪುಸ್ತಕ ಹಿಡಿದುಕೊಂಡು ಬಂದು ಕಾರ್ಪೆಟ್ಟಿನ ಅದೇ ಜಾಗದಲ್ಲಿ ಮಲಗುತ್ತಿದ್ದಳು. ತಲೆಯ ಅಡಿಗೆ ದಿಂಬು. ಪುಸ್ತಕ ತೆರೆಯುತ್ತಿರಲಿಲ್ಲ. ಮುಗಿಸಿದ ಮೇಲೆ ವಾಪಸು ಕೊಟ್ಟರೆ ಸಾಕೆಂದು ಟೀಚರ್ ಹೇಳಿದ್ದರಂತೆ. ಅವಳು ಮುಗಿಸುವುದಿಲ್ಲ.

ಒಂದು ಶುಕ್ರವಾರ ಮಲಗಿದ್ದಲ್ಲಿಂದಲೇ ಹೇಳಿದಳು. "ಉಮ್ಮ, ಖರ್ಜೂರದ ತೋಟದಲ್ಲಿ ನಾಯಿಗಳು ಕಳ್ಳನನ್ನು ಹಿಡಿದದ್ದು ಇದರಲ್ಲಿ ಇಲ್ಲ."

"ಯಾವ ಕಳ್ಳ?"

"ಉಪ್ಪ ಓದಿದ್ದು. ಆಮೇಲೆ ದೋಣಿಯಲ್ಲಿ ಹೋದದ್ದೂ ಇಲ್ಲ. ಮೂರು ಶುಕ್ರವಾರ ಗುರುತಿಗೆ ಇಟ್ಟ ಚೀಟಿ ಒಂದೇ ಪುಟದಲ್ಲಿತ್ತು. ಉಪ್ಪ ಪುಸ್ತಕ ನೋಡಿಕೊಂಡು ಸುಮ್ಮನೆ ಹೇಳ್ತಾ ಇದ್ದದ್ದು."

"ನಿನಗೆ ಆಗಲೇ ಗೊತ್ತಿತ್ತಾ?"

"ಗೊತ್ತಿತ್ತು. ಉಪ್ಪನಿಗೆ ಬೇಜಾರಾಗ್ತದೆ ಅಂತ ಹೇಳ್ಲಿಲ್ಲ."

ನಾನು ಒದ್ದೆ ಕೈಯಲ್ಲೇ ಹೋಗಿ ಅವಳ ಹತ್ತಿರ ಕೂತೆ. ಸಮಯ ದೂಡಲು ಆ ಮನುಷ್ಯ ಇಲ್ಲದ ಬೇಟೆಗಳನ್ನೆಲ್ಲ ಹುಟ್ಟಿಸಿ ಹೇಳಿದ್ದರು. ನಾಯಿಗಳನ್ನು ಮೂರು ವಾರ ಹೆಚ್ಚು ಬದುಕಿಸಿದ್ದರು. ಅಳಬೇಕಾದದ್ದು ಆಗಲೇ. ನನಗೆ ಬರಲಿಲ್ಲ. ಒದ್ದೆ ಕೈ ದುಪಟ್ಟಾಕ್ಕೆ ಒರೆಸಿಕೊಂಡೆ.

"ಉಳಿದದ್ದು ನಾನು ಓದ್ತೇನೆ. ಉಪ್ಪನ ಹತ್ತಿರ ಹೋಗಿ ಓದ್ತೇನೆ. ಅಲ್ಲಿಯೇ ಮುಗಿಸುವುದು. ಇಲ್ಲದಿದ್ದರೆ ಮುಗಿಸುವುದೇ ಇಲ್ಲ" ಎಂದಳು.

"ಅಲ್ಲಿಗೆ ಹೆಂಗಸರನ್ನು ಬಿಡುವುದಿಲ್ಲ ಮೋಳೆ."

"ನಾನು ಹೆಂಗಸಾ?"

"ಹೆಣ್ಣುಮಕ್ಕಳನ್ನೂ ಬಿಡುವುದಿಲ್ಲ."

ಅವಳು ಎದ್ದು ಕೂತಳು. "ಮೇಲಿನ ಮಾಳಿಗೆಯ ಅಂಕಲಿನ ಮಗ ಹೋದ. ನಾಲ್ಕನೇ ಕ್ಲಾಸಿನವ. ಮೂರು ಹಿಡಿ ಮಣ್ಣು ಹಾಕಿದೆ ಅಂತ ನನ್ನ ಹತ್ತಿರ ಹೇಳ್ತಾನೆ. ಅವನಿಗೆ ಉಪ್ಪ ಏನಾಗಬೇಕು?"

ಊರಿನ ನಮ್ಮ ಜಮಾಅತಿನಲ್ಲೂ ಹೆಂಗಸರು ಕಬರಸ್ತಾನಕ್ಕೆ ಹೋಗುವ ರೂಢಿ ಇಲ್ಲ. ಆದರೆ ಅಲ್ಲಿ ನಮಾಜು ಮಾಡುವ ಪಳ್ಳಿಯ ಪಕ್ಕದಲ್ಲೇ ರಸ್ತೆ. ಬಸ್ಸಿನಲ್ಲಿ ಹೋಗುವಾಗ ಮೋಟುಗೋಡೆಯ ಮೇಲಿಂದ ನನ್ನ ಉಪ್ಪನ ಕಬರಿನ ಮೀಸಾನ್ ಕಲ್ಲು ಕಾಣುತ್ತದೆ, ಹೆಸರೂ ಓದಬಹುದು. ಸಲಾಂ ಹೇಳಿ ಮುಂದೆ ಹೋಗುತ್ತೇವೆ. ಇಲ್ಲಿ ಎತ್ತರದ ಗೋಡೆ. ಒಳಗೆ ಹೆಸರಿಲ್ಲ, ಬರಹವಿಲ್ಲ, ತಲೆಯ ಹತ್ತಿರ ಒಂದು ಕಲ್ಲು, ರಾಜನಿಗೂ ಅದೇ ಕೂಲಿಗೂ ಅದೇ ಎಂದು ಇಚ್ಚ ಹೇಳಿದ್ದರು. ಅದನ್ನು ಕೇಳುವಾಗ ಒಳ್ಳೆಯದೇ ಎಂದು ಅನಿಸಿತ್ತು.

ಇಚ್ಚನಿಗೆ ಫೋನು ಮಾಡಿ ಕೇಳಿದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದರು. "ಬಿಡುವುದಿಲ್ಲ ತಂಗಿ. ಆದರೆ ಹುಡುಗಿ ಸಣ್ಣವಳು. ಕೆಲವೊಮ್ಮೆ ಕಾವಲಿನವನು ಒಳ್ಳೆಯವನಾದರೆ... ನೋಡುವ." ನಮ್ಮ ಕಡೆಯವರು ನೋಡುವ ಎಂದರೆ ಆಗುವುದಿಲ್ಲ ಎಂದು ಅರ್ಥ. ಮಗಳಿಗೆ ಅದು ತಿಳಿಯಲಿಲ್ಲ. ಅವಳು ಆ ದಿನದಿಂದ ಕಾಯಲು ಶುರುಮಾಡಿದಳು. ಪರೀಕ್ಷೆ ಬರೆದಳು, ಪೆಟ್ಟಿಗೆಗೆ ಬಟ್ಟೆ ತುಂಬಿದಳು, ಪುಸ್ತಕವನ್ನು ಮಾತ್ರ ಕೈಚೀಲದಲ್ಲಿ ಇಟ್ಟುಕೊಂಡಳು. ನಾನು ಅವಳನ್ನು ನೋಡುತ್ತ, ಬಿಡದಿದ್ದರೆ ಇವಳು ಆ ಕಥೆಯನ್ನೂ ಈ ಸಾವನ್ನೂ ಹೀಗೇ ಅರ್ಧದಲ್ಲಿ ಹಿಡಿದುಕೊಂಡು ವಿಮಾನ ಹತ್ತುತ್ತಾಳೆ ಎಂದು ಹೆದರಿದೆ. ಆ ದಿನಗಳಲ್ಲಿ ನನಗೆ ಸರಿಯಾಗಿ ತಾಗಿದ್ದು ಆ ಹೆದರಿಕೆ ಒಂದೇ.

ಇದ್ದತ್ ಮುಗಿಯಿತು. ಹೊರಡುವ ಹಿಂದಿನ ದಿನ ಸಂಜೆಯ ಅಸರ್ ನಮಾಜು ಆದ ಮೇಲೆ ಇಚ್ಚ ಕಾರು ತಂದರು. ಮಗಳು ಪುಸ್ತಕ ಹಿಡಿದು ಬಂದಳು. ಇನ್ನೊಂದು ಕೈಯಲ್ಲಿ ಬಾಲ್ಕನಿಯ ಹಾಲಿನ ಪುಡಿಯ ಡಬ್ಬಿ. "ಅದು ಯಾಕೆ?" ಎಂದೆ. "ಉಪ್ಪ ತುಂಬಿಸಿದ್ದು" ಎಂದಳು. ಮನೆಯಲ್ಲಿ ಬಿಟ್ಟರೆ ಮುಂದೆ ಬರುವ ಬಾಡಿಗೆಯವರು ಕಸಕ್ಕೆ ಹಾಕುವಂಥ ಡಬ್ಬಿ. ಸರಿ ಎಂದೆ.

ಕಬರಸ್ತಾನ ಖೋಬರಿನ ಹೊರಗೆ. ಗೇಟಿನ ಹತ್ತಿರ ಕಾವಲಿನ ಮುದುಕನ ಜೊತೆ ಇಚ್ಚ ಮಾತಾಡುವುದು ಕಾರಿನಿಂದ ಕಾಣುತ್ತಿತ್ತು. ಇಚ್ಚ ನಮ್ಮ ಕಡೆ ಕೈ ತೋರಿಸಿದರು. ಮುದುಕ ಬಗ್ಗಿ ನಮ್ಮನ್ನು ನೋಡಿದ. ಒರಟ ಅಲ್ಲ; ಎದೆಯ ಮೇಲೆ ಕೈ ಇಟ್ಟು ಆಗುವುದಿಲ್ಲ ಎಂದು ತಲೆ ಅಲ್ಲಾಡಿಸಿದ. ಅಷ್ಟೇ. ಇಚ್ಚ ತಿರುಗಿ ಬರುವಾಗ ಮಗಳ ಮುಖ ನೋಡಲು ನನಗೆ ಧೈರ್ಯ ಇರಲಿಲ್ಲ.

ಅವಳು ವಾದ ಮಾಡಲಿಲ್ಲ. ಡಬ್ಬಿಯ ಮುಚ್ಚಳ ತೆಗೆದಳು. ಕಾರಿನಲ್ಲಿದ್ದ ಪ್ಲಾಸ್ಟಿಕ್ ಕವರಿಗೆ ತನ್ನ ಕೈಯಲ್ಲಿ ಮೂರು ಹಿಡಿ ಮಣ್ಣು ಹಾಕಿ, ಇಚ್ಚನ ಕಡೆ ಚಾಚಿದಳು. "ಅಂಕಲ್, ಇದು ನನ್ನದು. ಉಪ್ಪನಿಗೆ ಹಾಕಿ ಬನ್ನಿ."

ಇಚ್ಚ ನನ್ನನ್ನು ನೋಡಿದರು. "ಇದೆಲ್ಲ ಬಿದ್ಅತ್ ಅಲ್ವಾ ತಂಗಿ? ಧರ್ಮದಲ್ಲಿ ಇಲ್ಲದ್ದು. ಅದೂ ಇಷ್ಟು ದಿವಸ ಕಳೆದು."

"ಮಣ್ಣಿನ ಮೇಲೆ ಮಣ್ಣು ಹಾಕುವುದು ಇಚ್ಚ. ಹೋಗಿ ಬನ್ನಿ" ಎಂದೆ. ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿತು. ಅವರು ಕವರು ಜುಬ್ಬಾದ ಕಿಸೆಗೆ ಹಾಕಿಕೊಂಡು ಹೋದರು.

ಮಗಳು ಕಾರಿನ ಗಾಜು ಇಳಿಸಿದಳು. ಬಿಸಿಗಾಳಿ ಒಳಗೆ ನುಗ್ಗಿತು. ಗೋಡೆಯ ಕಡೆ ಮುಖ ಮಾಡಿ, ಗುರುತಿಗೆ ಚೀಟಿ ಇಟ್ಟ ಪುಟ ತೆರೆದು, ಓದಲು ಶುರುಮಾಡಿದಳು. ಮೆಲ್ಲ ಅಲ್ಲ, ಶಾಲೆಯ ಅಸೆಂಬ್ಲಿಯಲ್ಲಿ ಓದುವ ಹಾಗೆ ಗಟ್ಟಿಯಾಗಿ. ನನಗೆ ಅರ್ಧ ಅರ್ಥವಾಯಿತು, ಅರ್ಧ ಇಲ್ಲ. ನಡುನಡುವೆ ನಿಲ್ಲಿಸಿ, ಅವಳ ಉಪ್ಪನ ಹಾಗೆಯೇ ಬ್ಯಾರಿಯಲ್ಲಿ ಹೇಳುತ್ತಿದ್ದಳು. ಒಂದು ನಾಯಿ ಸತ್ತಿತು. ಇನ್ನೊಂದೂ ಸತ್ತಿತು. ಹುಡುಗನೇ ಗುಂಡಿ ತೋಡಿ ಹೂತ, ಗುರುತಿಗೆ ಕಲ್ಲು ಇಟ್ಟ, ದಿನಾ ಹೋಗಿ ಅಲ್ಲಿ ಕೂತ. ನನಗೆ ಸಿಟ್ಟು ಬಂತು. ನಾಯಿಗಳಿಗೆ ಹೋಗಿ ಕೂರುವ ಜಾಗ ಇದೆ. ಆ ಹುಡುಗನ ಮೇಲೆ ಸಿಟ್ಟು, ಪುಸ್ತಕ ಬರೆದವರ ಮೇಲೆ ಸಿಟ್ಟು, ಅದನ್ನು ಕೊಟ್ಟ ಶಾಲೆಯ ಮೇಲೂ. ಮಗಳು ಕೊನೆಯ ಸಾಲು ಓದಿ ಪುಸ್ತಕ ಮುಚ್ಚಿದಳು. ಅವಳ ಕಣ್ಣು ಒಣಗಿಯೇ ಇತ್ತು. "ಮುಗಿಯಿತು ಉಪ್ಪ" ಎಂದಳು ಗೋಡೆಗೆ. ಆಮೇಲೆ ಗಾಜು ಏರಿಸಿದಳು, ಕಾರು ಬಿಸಿಯಾಗುತ್ತದೆ ಎಂದು.

ಇಚ್ಚ ಬರುವಾಗ ತಡವಾಯಿತು. ಬಂದವರು ಬಾಗಿಲು ಹಾಕಿಕೊಂಡು, ಸ್ಟೇರಿಂಗ್ ಹಿಡಿದು, ಕಾರು ಸ್ಟಾರ್ಟ್ ಮಾಡದೆ ಕೂತರು.

"ಹಾಕಿದಿರಾ ಅಂಕಲ್?"

"ಹಾಕಿದೆ ಮೋಳೆ." ಅವರು ಸುಳ್ಳು ಹೇಳಲು ಬಾರದ ಮನುಷ್ಯ. ಪೂರ್ತಿ ಹೇಳಿಲ್ಲ ಎಂದು ಅವರ ಬಗ್ಗಿದ ಕುತ್ತಿಗೆಯಲ್ಲೇ ಕಾಣುತ್ತಿತ್ತು. ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ ಹೇಳಿದರು. "ಆ ದಿವಸ ಅದು ಕಬರುಗಳ ಕೊನೆಯ ಸಾಲು ತಂಗಿ. ಈಗ ಅದರಾಚೆಗೆ ಎಷ್ಟೋ ಸಾಲು ಆಗಿದೆ. ಎಲ್ಲ ಒಂದೇ ಹಾಗೆ. ಆ ಸಾಲಿನ ಮೂರು ಕಬರಿನಲ್ಲಿ ಒಂದು ಅಂತ ಮಾತ್ರ ಖಂಡಿತ. ಯಾವುದು ಅಂತ ಎಷ್ಟು ನಿಂತು ನೋಡಿದರೂ ಗೊತ್ತಾಗ್ಲಿಲ್ಲ. ಮೂರಕ್ಕೂ ಒಂದೊಂದು ಹಿಡಿ ಹಾಕಿ ದುಆ ಮಾಡಿ ಬಂದೆ."

ಮಗಳು ಬೆರಳಲ್ಲಿ ಎಣಿಸಿದಳು. ಆಮೇಲೆ ಕೇಳಿದಳು.

"ಹಾಗಾದರೆ ಉಪ್ಪನಿಗೆ ಒಂದೇ ಹಿಡಿಯಾ ಸಿಕ್ಕಿದ್ದು?"

ಇಚ್ಚ ಸ್ಟೇರಿಂಗಿನ ಕಡೆ ತಿರುಗಿದರು. "ಎಲ್ಲರೂ ಮೂರು ಹಾಕಿದರು. ನನ್ನದು ಒಂದೇ" ಎಂದಳು. ಆಮೇಲೆ ಅವಳು ಅತ್ತಳು. ನಾಲ್ಕು ತಿಂಗಳಿನಿಂದ ಎಲ್ಲರೂ ಕೇಳುತ್ತಿದ್ದ ಅಳು ಬಂತು, ಸಣ್ಣ ಮಗುವಿನ ಹಾಗೆ, ಬಾಯಿ ತೆರೆದು, ಮೂಗು ಸುರಿದು, "ಒಂದೇ ಹಿಡಿ, ಒಂದೇ ಹಿಡಿ" ಎಂದು. ಅವಳನ್ನು ಎಳೆದು ಎದೆಗೆ ಹಿಡಿದುಕೊಂಡೆ. ಅವಳ ಕೈಗೆ ಅಂಟಿದ್ದ ಮಣ್ಣು ನನ್ನ ಕೆನ್ನೆಗೆ ತಾಗಿತು. ತೋಟದಲ್ಲಿ ಇದೇ ಮಣ್ಣಿನಿಂದ ಇದೇ ಕೈಯನ್ನು ನಾನು ಉಜ್ಜಿ ಉಜ್ಜಿ ತೊಳೆದಿದ್ದೆ. ನೆಲಕ್ಕೆ ಕೂತು ಕಲ್ಲು ಕಡ್ಡಿ ಆರಿಸುತ್ತಿದ್ದ ಆ ಮನುಷ್ಯನ ಬೆನ್ನು ಕಣ್ಣಿಗೆ ಕಟ್ಟಿತು. ಆಗ ನನಗೂ ಬಂತು.

ಎಷ್ಟು ಹೊತ್ತು ಎಂದು ಗೊತ್ತಿಲ್ಲ. ಇಚ್ಚ ಮುಂದೆ ನೋಡಿಕೊಂಡು ಕೂತಿದ್ದರು. ನಾನು ಮೂಗು ಒರೆಸಿಕೊಂಡು ಡಬ್ಬಿ ಎತ್ತಿ ನೋಡಿದೆ. ಅರ್ಧಕ್ಕಿಂತ ಹೆಚ್ಚು ಮಣ್ಣು ಇತ್ತು.

"ಇಚ್ಚ, ಇನ್ನೊಮ್ಮೆ ಹೋಗಬೇಕು ನೀವು. ಮೂರಕ್ಕೂ ಮೂರು ಮೂರು ಆಗಬೇಕು."

"ಉಳಿದ ಎರಡು ಯಾರದ್ದೋ ತಂಗಿ."

"ಯಾರದ್ದಾದರೂ ಇರಲಿ. ಅವರಿಗೂ ಮನೆಯಲ್ಲಿ ಯಾರಾದರೂ ಹೆಣ್ಣುಮಕ್ಕಳು ಇರ್ತಾರೆ."

ಮಗಳು ಬಿಕ್ಕುತ್ತಲೇ ಕವರು ಬಿಡಿಸಿ ಹಿಡಿದಳು. ಒಂದು ಹಿಡಿ ಅವಳು, ಒಂದು ಹಿಡಿ ನಾನು, ಹೀಗೆ ಹಾಕುತ್ತ ಹೋದೆವು. ಇಚ್ಚ ಈ ಸಲ ಬಿದ್ಅತ್ ಎನ್ನಲಿಲ್ಲ. ಕವರನ್ನು ಎರಡು ಕೈಯಲ್ಲಿ ತೆಗೆದುಕೊಂಡು, ಗೇಟಿನ ಮುದುಕನಿಗೆ ಸಲಾಂ ಹೇಳಿ, ಮತ್ತೆ ಒಳಗೆ ಹೋದರು.